ಊದುವ ವಾದ್ಯಕ್ಕೆ ಲೋಹದ ಲೆಕ್ಕ ಬೇರೆ

ಕರಾವಳಿಯಲ್ಲಿ ದೀಪಾವಳಿ ಮುಗಿಯಿತೆಂದರೆ ಓಲಗದವರಿಗೆ ಪುರುಸೊತ್ತಿಲ್ಲ. ಕೋಟೇಶ್ವರದ ಕೊಡಿ ಹಬ್ಬ, ಸಂಕ್ರಾಂತಿಗೆ ಮಾರಣಕಟ್ಟೆ ಜಾತ್ರೆ, ಆಮೇಲೆ ಮಂದಾರ್ತಿ, ಕೊಲ್ಲೂರು. ನಡುನಡುವೆ ಮದುವೆ, ಉಪನಯನ, ಗೃಹಪ್ರವೇಶ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಯಾವ ಮದುವೆ ಹಾಲ್ ಹೊಕ್ಕರೂ ಕಿವಿಗೆ ಮೊದಲು ಬೀಳುವುದು ಹೆಚ್ಚಾಗಿ ಸ್ಯಾಕ್ಸೋಫೋನು. ನಾಗಸ್ವರ ಊದುತ್ತಿದ್ದ ಮನೆತನಗಳ ಮಕ್ಕಳು ಅದನ್ನು ಕೈಗೆತ್ತಿಕೊಂಡು ಎರಡು ತಲೆಮಾರಾಗುತ್ತ ಬಂತು. ಇತ್ತ ಸಂಜೆ ಹೊತ್ತು ಸಂಗೀತ ಪಾಠಕ್ಕೆ ಕೊಳಲು ಹಿಡಿದು ಹೋಗುವ ಮಕ್ಕಳೂ ಊರೂರಿನಲ್ಲಿದ್ದಾರೆ. ಹಾಗಾಗಿ ಊದುವ ವಾದ್ಯ ಕೊಳ್ಳುವ ಮಾತು ನಮ್ಮ ಕಡೆಯ ಮನೆಗಳಲ್ಲಿ ಆಗಾಗ ಬರುತ್ತದೆ.

ಮುಂಚೆಲ್ಲ ಇದು ತಲೆಬಿಸಿಯ ವಿಷಯವಾಗಿರಲಿಲ್ಲ. ಗುರುಗಳು ತರಿಸಿಕೊಟ್ಟದ್ದೇ ವಾದ್ಯ. ಈಗ ಮೊಬೈಲು ತೆರೆದರೆ ಸಾಕು, ಹಿತ್ತಾಳೆ ಕೊಳಲು, ತಾಮ್ರದ ಕೊಳಲು, ಅಲ್ಯುಮಿನಿಯಂ, ಸ್ಟೀಲು, 'ಪಂಚಲೋಹ'ದ ಕೊಳಲು ಸಾಲುಗಟ್ಟಿ ಬರುತ್ತವೆ. ಸ್ಯಾಕ್ಸೋಫೋನು ಹುಡುಕಿದರೆ ಬಂಗಾರದ ಬಣ್ಣದ್ದು, ಕಪ್ಪು ನಿಕ್ಕಲ್ ಲೇಪದ್ದು, ನೀಲಿ, ಕೆಂಪು, ಹಳೇ ಕಾಲದ್ದೆಂದು ಕಾಣುವಂತೆ ಮಾಸಿದ ಕಂದು ಬಣ್ಣದ್ದು. ಅವುಗಳ ಮೇಲೆ ಕೊರೆದ ಹೆಸರುಗಳು ನಮ್ಮ ಹಿರಿಯ ವಾದಕರು ಒಮ್ಮೆಯೂ ಕೇಳದವು. ಬೆಲೆ ಮಾತ್ರ ಹೆಸರಾಂತ ಕಂಪೆನಿಗಳದ್ದರ ಕಾಲುಭಾಗವೋ ಅದಕ್ಕೂ ಕಡಿಮೆಯೋ. ದುಬೈಯಿಂದ ಬರುವ ಅಣ್ಣನೋ, ಬೆಂಗಳೂರಿನ ಹೋಟೆಲಿನಲ್ಲಿರುವ ಮಾವನೋ ಒಂದನ್ನು ತಂದೂ ಕೊಡುತ್ತಾರೆ. ಪೆಟ್ಟಿಗೆ ಬಿಚ್ಚಿದ ಕೂಡಲೆ ಅಕ್ಕಪಕ್ಕದವರು ಕೇಳುವುದು ಎರಡೇ ಮಾತು: "ಇದ್ ಯಾವ್ ಕಂಪೆನಿದ್ ಮಾರಾಯ್ರೆ?", "ಎಂತ ಲೋಹ?"

ಎರಡೂ ಸಹಜವಾದ ಪ್ರಶ್ನೆಗಳೇ. ಆದರೆ ಊದುವ ವಾದ್ಯದ ಮಟ್ಟಿಗೆ ಅವೆರಡೂ ಕಡೆಗೆ ಕೇಳಬೇಕಾದವು, ಮೊದಲಿಗಲ್ಲ. ಮೊದಲು ಕೇಳಬೇಕಾದ್ದು: ಶ್ರುತಿ ನಿಲ್ಲುತ್ತದೆಯೆ? ಗಾಳಿ ಸೋರುತ್ತದೆಯೆ? ಕೆಟ್ಟರೆ ಕೈಗೆಟಕುವ ದೂರದಲ್ಲಿ ಯಾರಾದರೂ ರಿಪೇರಿ ಮಾಡುತ್ತಾರೆಯೆ? ಇದು ನನ್ನ ಗಟ್ಟಿ ಅಭಿಪ್ರಾಯ. ಅದಕ್ಕೆ ಕಾರಣವನ್ನು ವಿವರವಾಗಿಯೇ ಹೇಳಬೇಕು. ಏಕೆಂದರೆ ಲೋಹವನ್ನು ಬಡಿದು ನೋಡಿ ಕೊಳ್ಳುವ ಅಭ್ಯಾಸ ನಮ್ಮಲ್ಲಿ ಬಹಳ ಹಳೆಯದು, ಮತ್ತು ಅದು ಬೇರೆ ಕಡೆ ಸರಿಯಾದದ್ದೇ.

ದೇವಸ್ಥಾನಕ್ಕೆ ಗಂಟೆ ಕೊಡಿಸುವವರು ಅದನ್ನು ತೂಗುಹಾಕಿ ಬಾರಿಸಿ ನೋಡುತ್ತಾರೆ. ಯಕ್ಷಗಾನದ ಭಾಗವತರು ತಾಳದ ಜೋಡಿ ಆರಿಸುವಾಗ ಎರಡನ್ನೂ ತಾಗಿಸಿ, ನಾದ ಎಷ್ಟು ಹೊತ್ತು ನಿಲ್ಲುತ್ತದೆ, ಶ್ರುತಿಗೆ ಹೊಂದುತ್ತದೆಯೆ ಎಂದು ಕಿವಿಗೊಟ್ಟು ಕೇಳುತ್ತಾರೆ. ಜಾಗಟೆಗೂ ಹಾಗೆಯೇ. ಅಲ್ಲಿ ನಾದ ಹುಟ್ಟುವುದೇ ಲೋಹ ಕಂಪಿಸಿ. ಗಂಟೆಯ ಕಂಚಿನಲ್ಲಿ ತಾಮ್ರ ಸುಮಾರು ನೂರಕ್ಕೆ 78 ಪಾಲು, ತವರ 22 ಪಾಲು. ತವರ ಕಡಿಮೆಯಾದರೆ ನಾದ ಮಂಕು, ಹೆಚ್ಚಾದರೆ ಗಂಟೆ ಸೀಳುವ ಅಪಾಯ. ಈ ಹದ ತಪ್ಪಿದ ತಾಳವನ್ನು ಭಾಗವತರು ಒಂದೇ ಪೆಟ್ಟಿಗೆ ಗುರುತಿಸುತ್ತಾರೆ.

ಕೊಳಲಿನಲ್ಲಿ, ಸ್ಯಾಕ್ಸೋಫೋನಿನಲ್ಲಿ ಕಂಪಿಸುವುದು ಲೋಹವಲ್ಲ, ಒಳಗಿನ ಗಾಳಿ. ಕೊಳಲಿನ ಊದುರಂಧ್ರದ ಅಂಚಿಗೆ ಉಸಿರು ತಾಗಿ ಸೀಳುತ್ತದೆ, ನಳಿಗೆಯೊಳಗಿನ ಗಾಳಿಯ ಕಂಬ ಹಿಂದೆ ಮುಂದೆ ತೂಗುತ್ತದೆ, ಅದೇ ನಾದ. ನಳಿಗೆಯ ಗೋಡೆಯೂ ಒಂದಿಷ್ಟು ಕಂಪಿಸುತ್ತದೆ. ಬೆರಳಿಗೆ ಗೊತ್ತಾಗುವಷ್ಟು, ಕೇಳುವವರ ಕಿವಿಗೆ ಮುಟ್ಟುವಷ್ಟಲ್ಲ. ಆದ್ದರಿಂದ ಅಂಗಡಿಯಲ್ಲಿ ಹಿತ್ತಾಳೆ ಕೊಳಲನ್ನು ಉಗುರಿನಿಂದ ತಟ್ಟಿ 'ಟಣ್' ಎಂದಿತೆಂದು ಒಳ್ಳೆಯದೆನ್ನುವುದರಲ್ಲಿ ಅರ್ಥವಿಲ್ಲ. ಆ ಟಣ್ ಊದುವಾಗ ಬರುವುದೇ ಇಲ್ಲ.

ಲೋಹದ ಕೊಳಲಿನ ಬಗ್ಗೆ ಯುರೋಪಿನಲ್ಲಿ, ಅಮೆರಿಕದಲ್ಲಿ ನೂರು ವರ್ಷಕ್ಕೂ ಮೀರಿದ ವಾದವೇ ನಡೆದಿದೆ. ಮ್ಯೂನಿಕ್‌ನ ಥಿಯೊಬಾಲ್ಡ್ ಬೋಮ್ ಅಕ್ಕಸಾಲಿಗತನ ಕಲಿತಿದ್ದ ಕೊಳಲು ವಾದಕ. ಇಂದು ಪಾಶ್ಚಾತ್ಯ ವಾದ್ಯವೃಂದಗಳಲ್ಲಿ ಕಾಣುವ, ಕೀಗಳಿರುವ ನೇರ ನಳಿಗೆಯ ಲೋಹದ ಕೊಳಲಿಗೆ ಅವನು 1847ರಲ್ಲಿ ರೂಪ ಕೊಟ್ಟ. ಅಲ್ಲಿಂದಾಚೆ ಬೆಳ್ಳಿ, ಚಿನ್ನ, ಪ್ಲಾಟಿನಂ ಎಲ್ಲದರಲ್ಲೂ ಕೊಳಲು ಆಯಿತು. ಜಾರ್ಜ್ ಬರೇರ್ ಎಂಬ ವಾದಕನ ಪ್ಲಾಟಿನಂ ಕೊಳಲಿಗೆಂದು ಎಡ್ಗರ್ ವರೇಸ್ 1936ರಲ್ಲಿ ಬರೆದ ಕೃತಿಗೆ 'ಡೆನ್ಸಿಟಿ 21.5' ಎಂದೇ ಹೆಸರು. ಅದು ಪ್ಲಾಟಿನಮ್ಮಿನ ಸಾಂದ್ರತೆಯ ಅಂಕಿ. ಅಮೆರಿಕದ ಭೌತವಿಜ್ಞಾನಿ ಡೇಟನ್ ಮಿಲ್ಲರ್ ತಾನೇ ಒಂದು ಚಿನ್ನದ ಕೊಳಲು ಮಾಡಿಕೊಂಡಿದ್ದ. ಲೋಹ ಬದಲಾದರೆ ನಾದವೂ ಬದಲಾಗುತ್ತದೆ ಎಂದು ಅವನು 1909ರಲ್ಲಿ ವಾದಿಸಿದ. ಅವನು ಕೂಡಿಟ್ಟ ಸುಮಾರು 1,700 ಕೊಳಲುಗಳು ಈಗ ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ. ಅಂಥವನ ಮಾತನ್ನು ಸುಲಭವಾಗಿ ತಳ್ಳಿಹಾಕುವ ಹಾಗಿರಲಿಲ್ಲ.

ಅದನ್ನು ಪರೀಕ್ಷೆಗೊಡ್ಡಿದವನು ಜಾನ್ ಕೋಲ್ಟ್‌ಮನ್. ಅವನೂ ಭೌತವಿಜ್ಞಾನಿ, ಅವನೂ ಕೊಳಲು ವಾದಕ. ಒಳ ಅಳತೆ ಒಂದೇ ಇರುವ ಮೂರು ಕೊಳಲು ಮಾಡಿಸಿದ: ತೆಳು ಬೆಳ್ಳಿಯದೊಂದು, ದಪ್ಪ ತಾಮ್ರದ್ದೊಂದು, ಮರದ್ದೊಂದು. ತುಟಿ ತಾಗುವ ಭಾಗ ಮೂರಕ್ಕೂ ಒಂದೇ ಬಗೆಯದು. ಕೇಳುವವರಿಗೆ ಕಾಣದಂತೆ ಊದಿಸಿದಾಗ ಯಾವುದು ಯಾವುದೆಂದು ಅವರಿಗೆ ಹೇಳಲಾಗಲಿಲ್ಲ. ಊದುವವರಿಗೂ ತೂಕ ಗೊತ್ತಾಗದಂತೆ ಮಾಡಿದಾಗ ಅವರಿಗೂ ಗೊತ್ತಾಗಲಿಲ್ಲ. ಈ ಫಲಿತಾಂಶ 1971ರಲ್ಲಿ ಪ್ರಕಟವಾಯಿತು. ಮೂವತ್ತು ವರ್ಷಗಳ ಮೇಲೆ, 2001ರಲ್ಲಿ ವಿಯೆನ್ನಾದ ಸಂಶೋಧಕರು ಜಪಾನಿನ ಮುರಮಾತ್ಸು ಕಂಪೆನಿಯ ಒಂದೇ ಮಾದರಿಯ ಏಳು ಕೊಳಲುಗಳನ್ನು ಏಳು ಮಂದಿ ವೃತ್ತಿಪರ ವಾದಕರ ಕೈಗೆ ಕೊಟ್ಟು ನೋಡಿದರು. ಬೆಳ್ಳಿ ಲೇಪದಿಂದ ಹಿಡಿದು 24 ಕ್ಯಾರೆಟ್ ಚಿನ್ನ, ಅಪ್ಪಟ ಪ್ಲಾಟಿನಂ ತನಕ ಅದರಲ್ಲಿತ್ತು. ಲೋಹದಿಂದ ಲೋಹಕ್ಕೆ ಸಿಕ್ಕ ವ್ಯತ್ಯಾಸ ನಗಣ್ಯ. ವಾದಕರಿಂದ ವಾದಕರಿಗೆ ಸಿಕ್ಕ ವ್ಯತ್ಯಾಸ ದೊಡ್ಡದು.

ಹಾಗಾದರೆ ಬೆಳ್ಳಿ ಕೊಳಲಿಗೆ ಲಕ್ಷಗಟ್ಟಲೆ ಕೊಡುವವರು ಮೋಸಹೋದವರೆ? ಅಲ್ಲ. ದುಬಾರಿ ಲೋಹಕ್ಕೆ ಕೈಹಾಕುವ ಕುಶಲಕರ್ಮಿ ಉಳಿದ ಕೆಲಸವನ್ನೂ ಅಷ್ಟೇ ಜತನದಿಂದ ಮಾಡುತ್ತಾನೆ. ಊದುರಂಧ್ರದ ಅಂಚನ್ನು ಕೂದಲೆಳೆಯಷ್ಟು ತಿದ್ದುತ್ತಾನೆ, ರಂಧ್ರಗಳ ಜಾಗ ಲೆಕ್ಕ ಹಾಕಿ ಇಡುತ್ತಾನೆ, ಒಳಮೈ ನುಣುಪಾಗಿಸುತ್ತಾನೆ. ನಾದ ಬರುವುದು ಆ ಕೆಲಸದಿಂದ. ಅದೇ ಕೈಚಳಕ ಹಿತ್ತಾಳೆಗೆ ಸಂದರೆ ಹಿತ್ತಾಳೆಯೂ ಹಾಗೆಯೇ ನುಡಿಯುತ್ತದೆ. ಗ್ರಾಫ್ಟನ್ ಎಂಬ ಬ್ರಿಟಿಷ್ ಸ್ಯಾಕ್ಸೋಫೋನಿನ ಮೈ ಬಿಳಿ ಪ್ಲಾಸ್ಟಿಕ್ಕಿನದು. ಜಾಝ್ ಲೋಕದ ದಿಗ್ಗಜ ಚಾರ್ಲಿ ಪಾರ್ಕರ್ 1953ರಲ್ಲಿ ಟೊರೊಂಟೊದ ಮ್ಯಾಸೆ ಹಾಲ್ ಕಛೇರಿಯಲ್ಲಿ ಊದಿದ್ದು ಅದನ್ನೇ. ಆ ಧ್ವನಿಮುದ್ರಣ ಕೇಳಿ ಇದು ಪ್ಲಾಸ್ಟಿಕ್ಕು ಎಂದು ಯಾರೂ ಹೇಳಲಾರರು.

ನಮ್ಮ ಓಲಗದ ಹಿರಿಯರಿಗೆ ಇದು ಹೊಸ ವಿಷಯವೂ ಅಲ್ಲ. ನಾಗಸ್ವರದ ತುದಿಗೆ ಊದುವ ಸೀವಾಳಿಗಳ (ರೀಡುಗಳ) ಗೊಂಚಲು ಕಟ್ಟಿರುತ್ತದೆ. ವಾದಕರು ಒಂದನ್ನು ಬಾಯಲ್ಲಿ ನೆನೆಸಿ, ತುಟಿಗಿಟ್ಟು ನೋಡಿ, ಸರಿಬಾರದಿದ್ದರೆ ತೆಗೆದು, ಇನ್ನೊಂದನ್ನು ಸಿಕ್ಕಿಸುತ್ತಾರೆ. ಇಡೀ ವಾದ್ಯದ ಹಣೆಬರಹ ಆ ಪುಟ್ಟ ಹುಲ್ಲಿನ ಚೂರಿನಲ್ಲಿದೆ ಎಂದು ಅವರಿಗೆ ಗೊತ್ತು. ಸ್ಯಾಕ್ಸೋಫೋನು ಹೆಚ್ಚಾಗಿ ಹಿತ್ತಾಳೆಯದ್ದೇ ಆದರೂ ಅದು ಈ ಜಾತಿಯದೇ. ನಾದ ಹುಟ್ಟುವುದು ಬೆತ್ತದಂಥ ಹುಲ್ಲಿನ ರೀಡಿನಿಂದ. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಬಂಟ್ವಾಳ ತಾಲೂಕಿನ ಸಜಿಪಮೂಡದ ನಾಗಸ್ವರ ಮನೆತನದಲ್ಲಿ 1949ರಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕೇಳಿ ಮರುಳಾದರು. ಮಂಗಳೂರಿನ ಕಲಾನಿಕೇತನದ ಎನ್. ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ ಕಲಿತರು, ಗಮಕಕ್ಕೆ ಒಗ್ಗದ ಕೀಗಳ ವಾದ್ಯದಲ್ಲಿ ಗಮಕ ತರಿಸಲು ವರ್ಷಗಟ್ಟಲೆ ದುಡಿದರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್‌ನಲ್ಲಿ ನುಡಿಸಿದರು, 2004ರಲ್ಲಿ ಪದ್ಮಶ್ರೀ ಪಡೆದರು. ಕೋಟದ ಶಿವರಾಮ ಕಾರಂತರೂ ತಮ್ಮ ಯಕ್ಷಗಾನ ಪ್ರಯೋಗಗಳಲ್ಲಿ ಪಿಟೀಲಿನ ಜೊತೆ ಸ್ಯಾಕ್ಸೋಫೋನನ್ನು ತಂದರು. ಇವರಿಬ್ಬರೂ ಆ ವಾದ್ಯದಲ್ಲಿ ಬಯಸಿದ್ದು ನಮ್ಮ ರಾಗಕ್ಕೆ ಒದಗುವ ಅದರ ದನಿಯನ್ನು.

ಈಗ ಪೇಟೆಯಲ್ಲಿ ಸಿಗುವ ಲೋಹಗಳನ್ನು ಒಂದಿಷ್ಟು ಹತ್ತಿರದಿಂದ ನೋಡೋಣ. 'ಜರ್ಮನ್ ಸಿಲ್ವರ್' ಅಥವಾ 'ನಿಕ್ಕಲ್ ಸಿಲ್ವರ್' ಎಂದು ಮಾರುವ ಕೊಳಲಿನಲ್ಲಿ ಬೆಳ್ಳಿ ಒಂದು ಗುಲಗಂಜಿಯಷ್ಟೂ ಇಲ್ಲ. ಅದು ತಾಮ್ರ, ಸತು, ನಿಕ್ಕಲ್ ಮೂರರ ಮಿಶ್ರಣ. ಕೆಟ್ಟ ಲೋಹವಲ್ಲ, ಪಾಶ್ಚಾತ್ಯ ಕೊಳಲು ಕಲಿಯುವ ಮಕ್ಕಳ ವಾದ್ಯಗಳು ಬಹಳಷ್ಟು ಅದರವೇ, ಮೇಲೆ ಬೆಳ್ಳಿ ಲೇಪ. ಆದರೆ ಬೆಳ್ಳಿಯ ಬೆಲೆ ಕೊಟ್ಟು ಅದನ್ನು ತರಬಾರದು. ಅಸಲಿ ಬೆಳ್ಳಿ ಕೊಳಲಿನ ಮೇಲೆ ಸಾಮಾನ್ಯವಾಗಿ 925 ಎಂಬ ಗುರುತೋ 'ಸ್ಟರ್ಲಿಂಗ್' ಎಂಬ ಮಾತೋ ಇರುತ್ತದೆ, ಅಂದರೆ ಸಾವಿರಕ್ಕೆ 925 ಪಾಲು ಬೆಳ್ಳಿ. ಬರೀ ತಲೆಭಾಗ ಮಾತ್ರ ಬೆಳ್ಳಿ ಇರುವ ಮಾದರಿಗಳೂ ಇವೆ. ಎಲ್ಲೆಲ್ಲಿ ಬೆಳ್ಳಿ ಎಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ನಿಕ್ಕಲ್ ಕೆಲವರ ಚರ್ಮಕ್ಕೆ ಆಗುವುದಿಲ್ಲ. ಅಗ್ಗದ ಕಿವಿಯೋಲೆ ಹಾಕಿದರೆ ತುರಿಕೆಯೇಳುವ ಮಕ್ಕಳಿಗೆ ತುಟಿಗೆ ನಿಕ್ಕಲ್ ತಾಗುವ ಕೊಳಲು ಬೇಡ.

ಸ್ಯಾಕ್ಸೋಫೋನಿನ ಹಿತ್ತಾಳೆಯಲ್ಲಿ ಹೆಚ್ಚುಕಡಿಮೆ ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತು. ತಾಮ್ರ ಹೆಚ್ಚು ಹಾಕಿದ ಕೆಂಬಣ್ಣದವು ಇವೆ, ಯಾನಗಿಸಾವಾದಂಥ ಕಂಪೆನಿ ಬ್ರಾಂಝಿನದ್ದೂ ಮಾಡುತ್ತದೆ. ಬಂಗಾರದಂತೆ ಹೊಳೆಯುವುದು ಬಂಗಾರವಲ್ಲ, ಲ್ಯಾಕರ್ ಎಂಬ ಪಾರದರ್ಶಕ ಬಣ್ಣ. ಅದರ ಕೆಲಸ ಹಿತ್ತಾಳೆಯನ್ನು ಗಾಳಿಯಿಂದ, ಬೆವರಿನಿಂದ ಕಾಪಾಡುವುದು. ಮೂರು ಕಡೆ ನೀರಿರುವ ಕುಂದಾಪುರದಂಥ ಊರಿನಲ್ಲಿ, ಉಪ್ಪುಗಾಳಿ ಬೀಸುವ ಮರವಂತೆ, ತ್ರಾಸಿ, ಕೋಡಿ ಕಡೆ ಈ ಲೇಪ ಚೆನ್ನಾಗಿರುವುದು ಮುಖ್ಯ. ಅದು ಎದ್ದುಹೋದ ಕಡೆ ಹಿತ್ತಾಳೆ ಕಪ್ಪಾಗುತ್ತದೆ, ಆಮೇಲೆ ಹಸಿರು ಕಿಲುಬು ಕಟ್ಟುತ್ತದೆ. ಇಲ್ಲಿ ಲೋಹದ ಪ್ರಶ್ನೆಗೆ ನಿಜವಾದ ಅರ್ಥ ಇದೆ: ನಾದಕ್ಕಲ್ಲ, ಬಾಳಿಕೆಗೆ.

ಇನ್ನೊಂದು ವಿಷಯ ತಂದೆತಾಯಿ ಗಮನಿಸಲೇಬೇಕು. ಲೇತಿನಲ್ಲಿ ಸುಲಭವಾಗಿ ಕತ್ತರಿಸಲೆಂದು ಮಾಡುವ ಸಾಧಾರಣ ಹಿತ್ತಾಳೆಯಲ್ಲಿ ನೂರಕ್ಕೆ ಎರಡು ಮೂರು ಪಾಲು ಸೀಸ ಇರುತ್ತದೆ. ದೇವರ ಕೋಣೆಯಲ್ಲಿ ಇಡಲು ಮಾಡಿದ ಹಿತ್ತಾಳೆ ಕೊಳಲು ಯಾವ ಹಿತ್ತಾಳೆಯದೆಂದು ಮಾರುವವನಿಗೂ ತಿಳಿದಿರುವುದಿಲ್ಲ. ಮಕ್ಕಳು ದಿನಾ ಗಂಟೆಗಟ್ಟಲೆ ತುಟಿಗಿಡುವ ವಸ್ತು ಅಂಥದ್ದಾಗಬಾರದು. ಕೃಷ್ಣನ ಮೂರ್ತಿಯ ಕೈಗೆ ಅದು ಶೋಭೆ, ಪಾಠಕ್ಕೆ ಬೇಡ.

ಅಂಥ ಕೊಳಲನ್ನು ಗುರುತಿಸುವುದು ಕಷ್ಟವೂ ಅಲ್ಲ. ರಂಧ್ರಗಳನ್ನು ನೋಡಿ. ಎಲ್ಲವೂ ಒಂದೇ ಗಾತ್ರ, ಎಲ್ಲವೂ ಒಂದೇ ಅಂತರ ಇದ್ದರೆ ಅದು ಹೆಚ್ಚಾಗಿ ಅಲಂಕಾರದ ವಸ್ತು. ನುಡಿಸುವ ಕೊಳಲಿನಲ್ಲಿ ರಂಧ್ರಗಳ ಗಾತ್ರ, ಅಂತರ ಸ್ವರಕ್ಕೆ ತಕ್ಕಂತೆ ಹೆಚ್ಚುಕಡಿಮೆ ಇರುತ್ತವೆ. ಬಿದಿರಿನ ಒಳ ವ್ಯಾಸ ಗಿಣ್ಣಿನಿಂದ ಗಿಣ್ಣಿಗೆ ಬೇರೆ. ಅದಕ್ಕೆ ಒಳ್ಳೆಯ ಕೊಳಲುಗಾರ ಕಾಯಿಸಿದ ಸಲಾಕೆಯಿಂದ ಚಿಕ್ಕ ತೂತು ಸುಟ್ಟು, ಊದಿ, ಶ್ರುತಿ ಪೆಟ್ಟಿಗೆಯೊಂದಿಗೆ ಹೋಲಿಸಿ, ಮತ್ತೆ ಸ್ವಲ್ಪ ಹಿಗ್ಗಿಸಿ, ಹೀಗೆ ಒಂದೊಂದನ್ನೂ ಕಿವಿಯಿಂದ ತಿದ್ದುತ್ತಾನೆ. ಉತ್ತರ ಪ್ರದೇಶದ ಪೀಲೀಭೀತ್‌ನಲ್ಲಿ ಅಸ್ಸಾಮಿನ ಬಿದಿರು ತರಿಸಿ ಇದನ್ನೇ ತಲೆಮಾರುಗಳಿಂದ ಮಾಡುವ ಕುಟುಂಬಗಳಿವೆ. ಅವರ ಎಷ್ಟೋ ಕೊಳಲುಗಳ ಮೇಲೆ ಹೆಸರೇ ಇರುವುದಿಲ್ಲ. ಹೆಸರಿಲ್ಲದ ಆ ಕೊಳಲು ಹೆಸರು ಕೊರೆದ ಹಿತ್ತಾಳೆಯದಕ್ಕಿಂತ ಎಷ್ಟೋ ಮೇಲು.

ಲೋಹಕ್ಕೋ ಪ್ಲಾಸ್ಟಿಕ್ಕಿಗೋ ಒಂದು ಅನುಕೂಲ ಇಲ್ಲದಿಲ್ಲ. ನಳಿಗೆಯ ಅಳತೆ ಎಲ್ಲ ಕಡೆ ಒಂದೇ ಆದ್ದರಿಂದ ಒಮ್ಮೆ ಲೆಕ್ಕ ಸರಿಹೋದರೆ ಸಾವಿರ ಕೊಳಲನ್ನೂ ಅದೇ ಶ್ರುತಿಯಲ್ಲಿ ಮಾಡಬಹುದು. ಮಳೆಗಾಲದಲ್ಲಿ ಬೂಸ್ಟು ಹಿಡಿಯುವುದಿಲ್ಲ, ಹುಳ ಕುಟ್ಟುವುದಿಲ್ಲ, ಬೇಸಿಗೆಯಲ್ಲಿ ಬಿರುಕು ಬಿಡುವುದಿಲ್ಲ. ಹೊಸದಾಗಿ ಕಲಿಯುವ ಮಗುವಿಗೆ ಶ್ರುತಿ ಸರಿಯಿರುವ ಪಿವಿಸಿ ಪೈಪಿನ ಕೊಳಲು ನನ್ನ ದೃಷ್ಟಿಯಲ್ಲಿ ಧಾರಾಳವಾಗಿ ಸಾಕು. ಹಿತ್ತಾಳೆಯದು ಭಾರ, ಬಿದಿರಿಗಿಂತ ಅದರ ಸಾಂದ್ರತೆ ಹತ್ತು ಪಟ್ಟಿಗೂ ಹೆಚ್ಚು. ಹತ್ತು ವರ್ಷದ ಹುಡುಗಿ ಉದ್ದದ ಹಿತ್ತಾಳೆ ಕೊಳಲು ಹಿಡಿದು ಸರಳೆ ವರಸೆ ಮುಗಿಸುವಷ್ಟರಲ್ಲಿ ತೋಳು ಸೋತಿರುತ್ತದೆ.

ಲೋಹ ಬಿಸಿಲಿಗೆ ಹಿಗ್ಗಿ ಶ್ರುತಿ ಇಳಿಯುತ್ತದೆ ಎಂಬ ಮಾತೂ ಕೇಳಿಬರುತ್ತದೆ. ಆಗುವುದು ತಿರುಗಾಮುರುಗಾ. ಲೋಹದ ಹಿಗ್ಗುವಿಕೆ ತೀರಾ ಕಡಿಮೆ. ಗಾಳಿ ಬಿಸಿಯಾದರೆ ಅದರಲ್ಲಿ ನಾದದ ವೇಗ ಹೆಚ್ಚುತ್ತದೆ, ಶ್ರುತಿ ಏರುತ್ತದೆ. ಒಂದು ಡಿಗ್ರಿಗೆ ಅರ್ಧಸ್ವರದ ನೂರರಲ್ಲಿ ಸುಮಾರು ಮೂರು ಪಾಲು. ಮಾಘದ ನಸುಕಿನಲ್ಲಿ 22 ಡಿಗ್ರಿ ಇದ್ದು ಮಧ್ಯಾಹ್ನ 33ಕ್ಕೆ ಏರಿದರೆ ಅರ್ಧಸ್ವರದ ಮೂರನೇ ಒಂದು ಪಾಲಿನಷ್ಟು ಏರುಪೇರು. ಊದುವ ಉಸಿರಿನ ಬಿಸಿಯಿಂದ ಒಂದಿಷ್ಟು ಸರಿದೂಗುತ್ತದೆ, ಉಳಿದದ್ದನ್ನು ವಾದಕರು ಮೌತ್‌ಪೀಸನ್ನು ಒಳಗೆ ಹೊರಗೆ ಸರಿಸಿ ತಿದ್ದಿಕೊಳ್ಳುತ್ತಾರೆ. ಅದು ವಾದ್ಯದ ದೋಷವಲ್ಲ, ಬಿದಿರಿಗೂ ಇದೇ ನಿಯಮ.

ಇನ್ನು ಹೆಸರಿನ ಸಂಗತಿ. ಹೆಸರು ಕೇಳದ ಕಂಪೆನಿ ಎಂದರೆ ಕಳಪೆ ಎಂದಲ್ಲ. ಒಂದೇ ಕಾರ್ಖಾನೆಯ ವಾದ್ಯಕ್ಕೆ ಹತ್ತು ವ್ಯಾಪಾರಿಗಳು ಹತ್ತು ಹೆಸರು ಕೊರೆಸುವುದು ಈ ವ್ಯಾಪಾರದಲ್ಲಿ ಹಿಂದಿನಿಂದ ಬಂದ ಪದ್ಧತಿ. ನೂರು ವರ್ಷದ ಹಿಂದೆ ಅಮೆರಿಕದ ಕಾನ್, ಬ್ಯೂಷರ್ ಮುಂತಾದ ದೊಡ್ಡ ಕಾರ್ಖಾನೆಗಳೇ ಅಂಗಡಿಗಳ ಹೆಸರಿನಲ್ಲಿ ಸ್ಯಾಕ್ಸೋಫೋನು ಮಾಡಿಕೊಡುತ್ತಿದ್ದವು. ತೈವಾನಿನ ಹೌಲಿ ಎಂಬ ಊರು ಸ್ಯಾಕ್ಸೋಫೋನಿಗೇ ಹೆಸರಾಯಿತು; ಅಲ್ಲಿನ ಕೆಲಸ ಈಗ ಯಾರಿಗೂ ಕಡಿಮೆಯಿಲ್ಲ. ನಮ್ಮ ದೇಶದಲ್ಲಿ ಮೀರತ್‌ನ ಜಲಿ ಕೋಠಿ ಬ್ಯಾಂಡು ವಾದ್ಯಗಳ ತವರು, ಅಲ್ಲಿನ ನಾದಿರ್ ಅಲಿ ಕಂಪೆನಿ ಶುರುವಾದದ್ದು 1885ರಲ್ಲಿ. ಪ್ಯಾರಿಸ್ಸಿನ ಸೆಲ್ಮರ್ ಕೂಡ ಶುರುವಾದದ್ದು ಅದೇ ವರ್ಷ. ಹೆಸರು ಕೇಳದ ವಾದ್ಯದ ತೊಂದರೆ ಎಂದರೆ, ಈ ಸಲ ಬಂದದ್ದು ಒಳ್ಳೆಯದಿದ್ದರೂ ಅದೇ ಹೆಸರಿನ ಮುಂದಿನದ್ದು ಬೇರೆ ಕಾರ್ಖಾನೆಯದಾಗಿರಬಹುದು. ಪಕ್ಕದ ಮನೆಯವರದು ಚೆನ್ನಾಗಿದೆ ಎಂಬ ಒಂದೇ ನಂಬಿಕೆಯಲ್ಲಿ ತರುವಂತಿಲ್ಲ. ದೊಡ್ಡ ಹೆಸರೂ ಕಣ್ಣುಮುಚ್ಚಿ ನಂಬುವಂಥದಲ್ಲ. ಯಮಹಾ, ಸೆಲ್ಮರ್ ಹೆಸರು ಕೊರೆದ ನಕಲಿಗಳು ಪೇಟೆಯಲ್ಲಿವೆ. ಕ್ರಮಸಂಖ್ಯೆಯನ್ನು ಕಂಪೆನಿಯ ಅಧಿಕೃತ ಮಾರಾಟಗಾರರಲ್ಲಿ ಕೇಳಿ ಖಚಿತ ಮಾಡಿಕೊಳ್ಳದೆ ದುಡ್ಡು ಕೊಡಬೇಡಿ.

ಬ್ರಹ್ಮಾವರದ ಕಡೆಯ ಪರಿಚಯದ ವಾದಕರೊಬ್ಬರ ಮನೆಯಲ್ಲಿ ಇಂಥದೊಂದು ಅಪರಿಚಿತ ಹೆಸರಿನ ಆಲ್ಟೊ ಸ್ಯಾಕ್ಸೋಫೋನನ್ನು ಪರೀಕ್ಷಿಸುವುದನ್ನು ಪಕ್ಕದಲ್ಲಿ ಕೂತು ನೋಡಿದೆ. ಶಿಷ್ಯನ ತಾಯಿ ತಂದದ್ದು. ಕಪ್ಪು ನಿಕ್ಕಲ್ ಲೇಪ, ಕೀಗಳಿಗೆ ಬಂಗಾರದ ಬಣ್ಣ, ನೋಡಲು ಕಣ್ಣು ಸೆಳೆಯುವಂಥದ್ದು. ಅವರು ಊದಲು ಹೋಗಲಿಲ್ಲ. ಮೊದಲು ಕಿಟಕಿ ಮುಚ್ಚಿಸಿದರು. ದಾರಕ್ಕೆ ಕಟ್ಟಿದ ಪುಟ್ಟ ಎಲ್‌ಇಡಿ ದೀಪಗಳ ಸರವನ್ನು ನಳಿಗೆಯೊಳಗೆ ಇಳಿಬಿಟ್ಟು ಮೇಲಿನಿಂದ ಒಂದೊಂದೇ ಕೀ ಒತ್ತುತ್ತ ಬಂದರು. ಸ್ಯಾಕ್ಸೋಫೋನಿನಲ್ಲಿ ರಂಧ್ರಗಳನ್ನು ಮುಚ್ಚುವುದು ಬೆರಳಲ್ಲ. ಚರ್ಮ ಹೊದಿಸಿದ ಉಣ್ಣೆಯ ಪ್ಯಾಡು. ಅಂಥವು ಇಪ್ಪತ್ತಕ್ಕೂ ಹೆಚ್ಚು. ಮೇಲಿನವು ಸರಿಯಿದ್ದವು. ಕೆಳಗಿನ ದೊಡ್ಡ ಪ್ಯಾಡು ಒತ್ತಿದಾಗ ಅದರ ಒಂದು ಬದಿಯಲ್ಲಿ ಚಂದ್ರನ ಕಲೆಯಷ್ಟು ತೆಳ್ಳಗೆ ಬೆಳಕು ಕಂಡಿತು. "ಹ್ವಾಯ್, ಇಲ್ ಕಾಣಿ, ಗಾಳಿ ಹೋಪ್ದ್ ಇಲ್ಲೇ" ಎಂದು ತಾಯಿಗೆ ತೋರಿಸಿದರು. ಆಮೇಲೆ ತೆಳು ಕಾಗದದ ಪಟ್ಟಿಯನ್ನು ಪ್ಯಾಡಿನಡಿ ಇಟ್ಟು ಕೀ ಒತ್ತಿ ಮೆಲ್ಲನೆ ಎಳೆದರು. ಮೂರು ಬದಿ ಕಾಗದ ಬಿಗಿಯಾಗಿ ಹಿಡಿಯಿತು, ನಾಲ್ಕನೆಯ ಬದಿಯಲ್ಲಿ ಸುಮ್ಮನೆ ಜಾರಿ ಬಂತು. ಮಂದ್ರದ ಸ್ವರ ಹೊರಡದೆ ಗುರಗುಟ್ಟುವುದಕ್ಕೆ ಅಷ್ಟೇ ಕಾರಣ. ಹುಡುಗನ ಉಸಿರು ಸಾಲದೆಂದು ಮನೆಯವರು ತಿಳಿದಿದ್ದರು.

ಅವರು ಮುಂದೆ ಮಾಡಿದ್ದು ಕೀಗಳನ್ನು ಎಡಕ್ಕೂ ಬಲಕ್ಕೂ ಅಲ್ಲಾಡಿಸಿ ನೋಡುವುದು. ಸರಳಿನ ಮೇಲೆ ಕೀ ಸಡಿಲವಾಗಿದ್ದರೆ ಪ್ಯಾಡು ದಿನಕ್ಕೊಂದು ಕಡೆ ಕೂರುತ್ತದೆ, ಹೊಸ ಪ್ಯಾಡು ಹಾಕಿಸಿದರೂ ಪ್ರಯೋಜನವಿಲ್ಲ. ನಂತರ ಬೆಸುಗೆ: ಕೀ ಹಿಡಿಯುವ ಕಂಬಗಳ ಬುಡದಲ್ಲಿ ಬೆಸುಗೆ ತೆಳುವಾಗಿ ಸುತ್ತ ಹರಿದಿದೆಯೆ, ಗಂಟುಕಟ್ಟಿ ನಿಂತಿದೆಯೆ ಎಂದು. ಕಡೆಗೆ ಅಯಸ್ಕಾಂತ. ಹಿತ್ತಾಳೆಗೆ ಅಯಸ್ಕಾಂತ ಅಂಟುವುದಿಲ್ಲ. ಮೈಗೋ ಕೀಗೋ ಗಟ್ಟಿಯಾಗಿ ಅಂಟಿದರೆ ಅದು ಲೇಪ ಹಾಕಿದ ಕಬ್ಬಿಣ. ನಿಕ್ಕಲ್ ಲೇಪಕ್ಕೆ ಒಂದಿಷ್ಟು ಸೆಳೆತ ಇರುತ್ತದೆ, ಸರಳು ಮತ್ತು ಸ್ಪ್ರಿಂಗ್ ಉಕ್ಕಿನವು, ಅವಕ್ಕೆ ಅಂಟಬೇಕು. ಅಯಸ್ಕಾಂತಕ್ಕೂ ಸಿಗದ ಮೋಸ ಒಂದಿದೆ, ಅಚ್ಚಿನಲ್ಲಿ ಎರಕ ಹೊಯ್ದ ಸತುವಿನ ಕೀ. ಹಿತ್ತಾಳೆಯ ಕೀ ಬಗ್ಗಿದರೆ ನೆಟ್ಟಗೆ ಮಾಡಬಹುದು. ಸತುವಿನದು ಮುರಿಯುತ್ತದೆ, ಮುರಿದರೆ ಬೆಸುಗೆ ಕಚ್ಚುವುದಿಲ್ಲ. ಅದನ್ನು ಗುರುತಿಸಲು ಪಳಗಿದ ಕಣ್ಣೇ ಬೇಕು.

ಆ ವಾದ್ಯದ ತೀರ್ಪು ಹೀಗಾಯಿತು: ಮೈ ಅಡ್ಡಿಯಿಲ್ಲ, ಕೀಗಳು ಗಟ್ಟಿ, ಶ್ರುತಿ ಎರಡೂ ಸ್ಥಾಯಿಯಲ್ಲಿ ಹತ್ತಿರ ಹತ್ತಿರ ಇದೆ, ಪ್ಯಾಡು ಸರಿ ಕೂರಿಸಿದರೆ ಕಲಿಕೆಗೆ ನಾಲ್ಕೈದು ವರ್ಷ ಧಾರಾಳ ಸಾಕು. ಹೆಸರು ಕೇಳದ, ಬಣ್ಣ ಬಳಿದ ವಾದ್ಯಕ್ಕೆ ಸಿಕ್ಕ ನ್ಯಾಯವಾದ ಮಾತು ಅದು. ಬರೀ ಹೆಸರು ನೋಡುವವರು ಅದನ್ನು ವಾಪಸು ಕಳಿಸುತ್ತಿದ್ದರು, ಬರೀ ಹೊಳಪು ನೋಡುವವರು ಪ್ಯಾಡಿನ ದೋಷ ಕಾಣದೆ ಹುಡುಗನನ್ನು ಗದರುತ್ತಿದ್ದರು.

ಶ್ರುತಿ ಪರೀಕ್ಷೆಯನ್ನು ಮನೆಯವರೇ ಮಾಡಬಹುದು. ಮೊಬೈಲಿನಲ್ಲಿ ಟ್ಯೂನರ್ ಆ್ಯಪ್ ಉಚಿತವಾಗಿ ಸಿಗುತ್ತದೆ. ಕೊಳಲು ಬಿಳಿ ಐದರ ಶ್ರುತಿಯದೋ ಕಪ್ಪು ಎರಡರದೋ ಎಂದು ಮೊದಲು ಗುರುಗಳಲ್ಲಿ ಕೇಳಿಕೊಳ್ಳಿ. ಬಲ್ಲವರಿಂದ ಮಧ್ಯ ಷಡ್ಜ, ಪಂಚಮ, ತಾರ ಷಡ್ಜ ಊದಿಸಿ ನೋಡಿ. ಮಧ್ಯ ಷಡ್ಜ ಸರಿಯಿದ್ದು ತಾರ ಷಡ್ಜ ಎದ್ದು ಕಾಣುವಷ್ಟು ಇಳಿದರೆ ಹೆಚ್ಚಾಗಿ ಒಳ ಅಳತೆಯಲ್ಲೇ ತಪ್ಪಿರುತ್ತದೆ. ಅದನ್ನು ಯಾವ ರಿಪೇರಿಯೂ ಸರಿಮಾಡದು, ಯಾವ ಲೋಹವೂ ಮುಚ್ಚಿಡದು. ಸ್ಯಾಕ್ಸೋಫೋನಿನ ಜೊತೆ ಪುಕ್ಕಟೆ ಬರುವ ಮೌತ್‌ಪೀಸನ್ನು ಹೆಚ್ಚಿನ ವಾದಕರು ಬದಲಿಸುತ್ತಾರೆ. ದುಡ್ಡು ಉಳಿದರೆ ಲೇಪದ ಅಂದಕ್ಕೆ ಹಾಕದೆ ಒಳ್ಳೆಯ ಮೌತ್‌ಪೀಸಿಗೆ, ರೀಡಿಗೆ ಹಾಕಿ. ನಾದದಲ್ಲಿ ವ್ಯತ್ಯಾಸ ಅಲ್ಲಿ ಕೇಳುತ್ತದೆ.

ಕಡೆಯದಾಗಿ, ಕೊಳ್ಳುವ ಹೊತ್ತು. ಎಲ್ಲರೂ ಅವಸರಪಡುವುದು ಕಾರ್ತಿಕದಲ್ಲಿ, ಸೀಸನ್ ಶುರುವಾಗುವ ಮುನ್ನ. ಆಗ ನೋಡಿಕೊಡಬೇಕಾದ ವಾದಕರಿಗೇ ಬಿಡುವಿರುವುದಿಲ್ಲ. ಆಷಾಢದಲ್ಲಿ ಮದುವೆಯಿಲ್ಲ, ಜಾತ್ರೆಯಿಲ್ಲ. ಹಿರಿಯ ವಾದಕರು ಮನೆಯಲ್ಲಿ ಸಿಗುತ್ತಾರೆ. ಪ್ಯಾಡು ಉಬ್ಬುವುದು, ಸ್ಪ್ರಿಂಗಿಗೆ ತುಕ್ಕು ಹಿಡಿಯುವುದು, ಬಿದಿರು ತೇವ ಎಳೆದು ಮಂಕಾಗುವುದು ಎಲ್ಲವೂ ಆ ತಿಂಗಳಲ್ಲೇ ಬಯಲಾಗುತ್ತದೆ. ಜುಲೈ ಮಳೆಯಲ್ಲಿ ಗಾಳಿ ಸೋರದೆ ನುಡಿಯುವ ವಾದ್ಯ ನಮ್ಮ ಊರಿಗೆ ಒಗ್ಗಿದ ವಾದ್ಯ. ಆದ್ದರಿಂದ ಕೊಳ್ಳುವವರು ಆಷಾಢದವರೆಗೆ ಕಾಯಿರಿ. ತರಿಸಿದ ವಾದ್ಯ ವಾಪಸು ಕೊಡುವ ಅವಧಿ ಮುಗಿಯುವ ಮೊದಲೇ ನಿಮ್ಮ ಊರಿನ ಓಲಗದ ಹಿರಿಯರೊಬ್ಬರ ಮನೆಗೆ ಅದನ್ನು ಒಯ್ದು, ಅವರ ಕೈಗೆ ಕೊಟ್ಟು ನೋಡಿಸಿ. ಅವರ ಸಮಯಕ್ಕೆ ತಕ್ಕ ಸಂಭಾವನೆಯನ್ನೂ ಮರೆಯದೆ ಕೊಡಿ.